ಹನ್ನೊಂದು ನಿಮಿಷದ ದರ್ಬಾರು

ಮೈಸೂರಿನ ಲಕ್ಷ್ಮೀಪುರದ ದೊರೆಸ್ವಾಮಿಯವರು ನಲವತ್ತೆರಡು ವರ್ಷ ತುಂಬುವವರೆಗೆ ಒಂದೇ ಒಂದು ಸಿನಿಮಾ ನೋಡಿದವರಲ್ಲ. ಅದಕ್ಕೆ ವೈರಾಗ್ಯವೇನೂ ಕಾರಣವಾಗಿರಲಿಲ್ಲ. ಪುರಸೊತ್ತಿರಲಿಲ್ಲ, ಅಷ್ಟೆ. ಅವರದು ಅರಮನೆಯಲ್ಲಿ ಪೇಟ ಸುತ್ತುವ ಕೆಲಸ. ಅವರ ತಂದೆಯೂ ಅದನ್ನೇ ಮಾಡಿದ್ದರು, ತಾತನೂ ಅದನ್ನೇ ಮಾಡಿದ್ದರು. ದರ್ಬಾರಿಗೆ ಬರುವ ಅಧಿಕಾರಿಗಳು, ಜಮೀನ್ದಾರರು, ಪಂಡಿತರು ಎಲ್ಲರೂ ಮೊದಲು ದೊರೆಸ್ವಾಮಿಯವರ ಮುಂದೆ ಮಣೆಯ ಮೇಲೆ ಕೂತು ತಲೆ ಒಪ್ಪಿಸಬೇಕಿತ್ತು. "ಸೀಮೆಯ ದೊಡ್ಡ ದೊಡ್ಡ ತಲೆಗಳನ್ನೆಲ್ಲ ಹಿಡಿದು ನೋಡಿದ್ದೀನಿ ಕಣ್ರೀ. ಹೆಚ್ಚು ಕಡಿಮೆ ಎಲ್ಲಾ ಒಂದೇ ಅಳತೆ" ಎಂದು ಅವರು ಆಪ್ತರಲ್ಲಿ ಹೇಳುತ್ತಿದ್ದರು.

ಸ್ವಾತಂತ್ರ್ಯ ಬಂದು ಎರಡು ಮೂರು ವರ್ಷಗಳಲ್ಲಿ ದರ್ಬಾರುಗಳು ಕಡಿಮೆಯಾದವು. ದಸರೆಯ ಹತ್ತು ದಿನ ಬಿಟ್ಟರೆ ಪೇಟ ಸುತ್ತಿಸಿಕೊಳ್ಳುವ ತಲೆಗಳೇ ಬರಲಿಲ್ಲ. ಸಂಬಳ ನಿಲ್ಲಲಿಲ್ಲ, ಕೆಲಸ ನಿಂತಿತು. ಮಧ್ಯಾಹ್ನ ಊಟವಾದ ಮೇಲೆ ದೊರೆಸ್ವಾಮಿಯವರು ಅಡುಗೆಮನೆಯ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಹೆಂಡತಿ ನಾಗಮಣಿ ಮಾಡುವ ಕೆಲಸವನ್ನು ನೋಡತೊಡಗಿದರು. ನೋಡಿ ಸುಮ್ಮನಿರುವ ಜಾಯಮಾನ ಅವರದಲ್ಲ. ಹುಣಿಸೆಹಣ್ಣು ಕಿವುಚುವ ರೀತಿ ಸರಿಯಿಲ್ಲ ಎಂದರು. ಒಗ್ಗರಣೆಗೆ ಸಾಸಿವೆ ಮೊದಲೋ ಮೆಣಸಿನಕಾಯಿ ಮೊದಲೋ ಎಂದು ಚರ್ಚೆ ತೆಗೆದರು. ನಾಗಮಣಿ ಒಂದು ವಾರ ತಡೆದುಕೊಂಡಳು. ಎಂಟನೆಯ ದಿನ ಸೌಟನ್ನು ಪಾತ್ರೆಯೊಳಗೆ ಬಿಟ್ಟು ಈಚೆ ಬಂದಳು.

"ನೋಡಿ, ಮದುವೆಯಾಗಿ ಇಪ್ಪತ್ತು ವರ್ಷದಿಂದ ನನ್ನ ಕೈ ಸಾರು ಉಂಡೇ ನೀವು ಬದುಕಿರೋದು. ಚಂದ್ರಮಹಲ್ ಟಾಕೀಸಿಗೆ ಯಾವುದೋ ದೇವರ ಸಿನಿಮಾ ಬಂದಿದೆಯಂತೆ. ಹೋಗಿ, ನಿಮ್ಮ ಅಭಿಪ್ರಾಯಾನೆಲ್ಲ ಅಲ್ಲಿ ಹೇಳಿ ಬನ್ನಿ."

ಅವಳು ಸಿಟ್ಟಿನಲ್ಲಿ ಆಡಿದ ಮಾತು. ಅವರು ಅದನ್ನು ಅಕ್ಷರಶಃ ತೆಗೆದುಕೊಂಡರು.

ದೇವರ ಸಿನಿಮಾ ಶುರುವಾಗಿ ಅರ್ಧ ಗಂಟೆಗೆ ಲಕ್ಷ್ಮೀದೇವಿ ಪ್ರತ್ಯಕ್ಷಳಾದಳು. ಹೆಂಗಸರ ಕಡೆ ಕೆಲವರು ಕೈ ಮುಗಿದರು. ದೇವಿ ಅಭಯಹಸ್ತ ಎತ್ತಿದಾಗ ಸೆರಗು ಜಾರಿ ತೋಳು ಕಾಣಿಸಿತು. ತೋಳಿನ ಮೇಲೆ ಚುಚ್ಚುಮದ್ದಿನ ನಾಲ್ಕಾಣೆ ಅಗಲದ ಎರಡು ಗುರುತು. ದೊರೆಸ್ವಾಮಿಯವರು ಬೆಂಚಿನಿಂದ ಎದ್ದೇ ನಿಂತರು.

"ಅಯ್ಯಯ್ಯೋ! ಸಾಕ್ಷಾತ್ ಲಕ್ಷ್ಮೀದೇವಿಗೇ ದೇವಿ ಹಾಕಿಬಿಟ್ಟಿದ್ದಾರಲ್ರೀ! ವೈಕುಂಠದಲ್ಲೂ ಸಿಡುಬು ಬಂದಿದೆಯಾ?"

ಬೆಂಚಿನವರು ನಕ್ಕರು. ನೆಲದ ಮೇಲೆ ಕೂತಿದ್ದವರು ಇನ್ನೂ ಜೋರಾಗಿ ನಕ್ಕರು. ಹೆಂಗಸರ ಕಡೆಯಿಂದ ಒಬ್ಬ ಮುದುಕಿಯ ಧ್ವನಿ ಬಂತು: "ನಿನ್ನ ಕಣ್ಣು ಇಂಗೋಗ! ತಾಯಿ ಮುಕ ನೋಡೋದು ಬುಟ್ಟು ತೋಳು ನೋಡ್ತೀಯಲ್ಲೋ!" ಆಮೇಲೆ ದೇವಿ ಕಾಣಿಸಿಕೊಂಡಾಗಲೆಲ್ಲ ಜನ ಮುಖ ಬಿಟ್ಟು ತೋಳನ್ನೇ ಹುಡುಕಿದರು. ಭಕ್ತಿಯ ಕತೆ ಅಲ್ಲಿಗೇ ಕೆಟ್ಟಿತು.

ಆದರೆ ದೊರೆಸ್ವಾಮಿಯವರಿಗೆ ಹುಚ್ಚು ಹಿಡಿಯಿತು. ಮನೆಗೆ ಬಂದು ನಾಗಮಣಿಯ ಎದುರು ಇಡೀ ಕತೆ ಹೇಳಿದರು. ನಾರದರು ಇಳಿದ ಮೋಡಕ್ಕೆ ಕೆಳಗಡೆ ಗಾಲಿಯಿತ್ತು, ಇಂದ್ರನಿಗೆ ನೆಗಡಿಯಾಗಿತ್ತು, ಮಹಾವಿಷ್ಣು ಹಾವಿನ ಮೇಲೆ ಮಲಗಿದ್ದು ಒಂದೇ ಮಗ್ಗುಲಾದ್ದರಿಂದ ಕೈ ಜೋಮು ಹಿಡಿದು ಮುಖ ಕಿವುಚಿದ. ಇಷ್ಟೆಲ್ಲ ಹೇಳಿ, "ನಾಳೆ ಇನ್ನೊಂದ್ಸಲ ನೋಡ್ಕೊಂಡು ಬರ್ತೀನಿ" ಎಂದರು.

ಅಲ್ಲಿಂದ ಮುಂದೆ ವಾರಕ್ಕೆ ಎರಡು ಸಿನಿಮಾ. ಕನ್ನಡ, ತಮಿಳು, ತೆಲುಗು, ಹಿಂದಿ, ಯಾವುದಾದರೂ ಸರಿ. ಮಧ್ಯಾಹ್ನದ ಆಟ ಮುಗಿದ ಮೇಲಲ್ಲ, ಇಂಟರ್‌ವಲ್ಲಿನಲ್ಲೇ ಅವರು ಹೊರಗೆ ಬಂದು ಟಾಕೀಸಿನ ಅಂಗಳದ ಸೋಡಾ ಅಂಗಡಿಯ ಪಕ್ಕ ನಿಲ್ಲುತ್ತಿದ್ದರು. ಮೈಮೇಲೆ ಮುಚ್ಚು ಕೋಟು, ತಲೆಯ ಮೇಲೆ ಸ್ವಹಸ್ತದ ಪೇಟ, ಕೈಯಲ್ಲಿ ಗೋಲಿ ಸೋಡಾ. ಸುತ್ತ ಇಪ್ಪತ್ತು ಮೂವತ್ತು ಜನ. ಅರ್ಧ ಚಿತ್ರಕ್ಕೆ ಅವರು ಕೊಟ್ಟ ತೀರ್ಪು ಸಂಜೆಯ ಹೊತ್ತಿಗೆ ಅಗ್ರಹಾರ, ಚಾಮರಾಜಪುರಂ ದಾಟಿ ಹೋಗಿರುತ್ತಿತ್ತು.

ಕೆಲಸ ಕಳೆದುಕೊಂಡ ಬಿ.ಎ. ಪಾಸಾದ ಯುವಕನ ಸಾಮಾಜಿಕ ಚಿತ್ರವೊಂದು ಬಂತು. "ಮೂರು ದಿನದಿಂದ ಅನ್ನ ಕಂಡಿಲ್ಲ ಅಂತಾನೆ. ಪ್ಯಾಂಟಿನ ಇಸ್ತ್ರಿ ಮಾತ್ರ ಮುರಿದಿಲ್ಲ. ಅನ್ನಕ್ಕಿಲ್ಲದೋನಿಗೆ ಅಗಸ ಎಲ್ಲಿಂದ ಸಿಕ್ಕಿದ?" ಅದರಲ್ಲಿ ನಾಯಕಿಗೆ ಕ್ಷಯ. ಸಾಯುವ ಮುಂಚೆ ಆರು ನಿಮಿಷ ಹಾಡಿದಳು. "ಅಷ್ಟುದ್ದ ಉಸಿರು ಹಿಡಿಯೋಳನ್ನ ಸ್ಯಾನಿಟೋರಿಯಮ್ಮಿನಿಂದ ಬಿಡುಗಡೆ ಮಾಡಿ ಮನೆಗೆ ಕಳಿಸಬೇಕಾಗಿತ್ತು. ಆರೋಗ್ಯವಾಗಿದ್ದಾಳೆ." ಹಿಂದಿ ಭಾಷೆ ಅವರಿಗೆ ಬಾರದು, ಆದರೂ ಅಭಿಪ್ರಾಯಕ್ಕೆ ಅದು ಅಡ್ಡಿಯಾಗಲಿಲ್ಲ. ಪ್ರೇಮಭಂಗವಾದ ಕೂಡಲೇ ನಾಯಕ ಪಿಯಾನೋ ಮುಂದೆ ಹೋಗಿ ಕೂರುವುದನ್ನು ನಾಲ್ಕು ಚಿತ್ರಗಳಲ್ಲಿ ನೋಡಿ, "ಅಲ್ಲಾ, ಅದು ಮೊದಲಿಂದ ಆ ಮನೇಲಿ ಇತ್ತಾ, ಇಲ್ಲ ಹುಡುಗಿ ಕೈಕೊಟ್ಟ ಮೇಲೆ ತರಿಸಿದ್ದಾ?" ಎಂದು ಕೇಳಿದರು. ಒಂದೇ ಒಂದು ಇಂಗ್ಲಿಷ್ ಚಿತ್ರವನ್ನು ಬಾಯ್ತುಂಬ ಹೊಗಳಿದರು. ಅದರಲ್ಲಿ ಕುದುರೆ ಚೆನ್ನಾಗಿ ಅಭಿನಯಿಸಿತ್ತಂತೆ.

ನಾಗಮಣಿಯ ಲೆಕ್ಕ ಬೇರೆ. ಅವಳು ತಿಂಗಳಿಗೊಂದು ಸಿನಿಮಾಕ್ಕೆ ಹೋಗುತ್ತಿದ್ದಳು, ಗಂಡನ ಜತೆಯಲ್ಲಲ್ಲ. "ನನಗೆ ಚೆನ್ನಾಗಿ ಅಳು ಬಂದ್ರೆ ಚಿತ್ರ ಚೆನ್ನಾಗಿದೆ ಅಂತ. ನೀವು ಪಕ್ಕದಲ್ಲಿದ್ರೆ ಅಳೋಕೆ ಬಿಡೋದಿಲ್ಲ" ಎನ್ನುತ್ತಿದ್ದಳು.

ಬೇರೆಲ್ಲ ಚಿತ್ರಗಳನ್ನು ದೊರೆಸ್ವಾಮಿಯವರು ನಗುತ್ತ ಬೈಯುತ್ತಿದ್ದರು. ರಾಜರ ಚಿತ್ರ ಬಂದರೆ ಮಾತ್ರ ನಿಜವಾಗಿ ಉರಿದು ಬೀಳುತ್ತಿದ್ದರು. ರಾಜ ಊಟದ ಎಲೆಯ ಮುಂದೆಯೂ ಕತ್ತಿ ಕಟ್ಟಿಕೊಂಡು ಕೂರುತ್ತಾನೆ. ರಾಣಿ ಒಬ್ಬಳೇ ದೀಪ ಹಿಡಿದು ಸೆರೆಮನೆಗೆ ಹೋಗುತ್ತಾಳೆ, ದಾರಿಯಲ್ಲಿ ಒಬ್ಬ ಜವಾನನೂ ಇರುವುದಿಲ್ಲ. "ರಾಜ ಓಡ್ತಾನಂತೆ! ಅವನ್ಯಾಕ್ರೀ ಓಡಬೇಕು? ಓಡೋದಕ್ಕೆ ಜನ ಇರ್ತಾರೆ!" ಎಲ್ಲಕ್ಕಿಂತ ಹೆಚ್ಚು ಸಂಕಟ ಪೇಟದ್ದು. ಅದು ಸುತ್ತಿದ್ದಲ್ಲ, ರಟ್ಟಿನ ಮೇಲೆ ಬಟ್ಟೆ ಹೊಲಿದ ಟೋಪಿ. "ನೋಡಿ, ನೋಡಿ, ತೆಗೆದು ಮೇಜಿನ ಮೇಲಿಟ್ಟ! ಪೇಟಾನ ಬಾಣಲಿ ಮುಚ್ಚಳದ ಹಾಗೆ ಎತ್ತಿಡ್ತಾರೇನ್ರೀ?"

ಚಂದ್ರಮಹಲಿನ ಮ್ಯಾನೇಜರು ಕೃಷ್ಣಪ್ಪ. ನಂಜನಗೂಡಿನ ಕಡೆಯ ಹಳ್ಳಿಯಿಂದ ಬಂದು ಬಾಗಿಲು ಕಾಯುವುದರಿಂದ ಮೇಲಕ್ಕೆ ಬಂದವನು. ಇಂಟರ್‌ವಲ್ಲಿನಲ್ಲಿ ದೊರೆಸ್ವಾಮಿಯವರು ಬಾಯಿ ತೆರೆದರೆ ಸಂಜೆಯ ಆಟಕ್ಕೆ ಕುರ್ಚಿ ಖಾಲಿ ಎಂಬುದು ಅವನ ಅನುಭವ. ಒಂದು ದಿನ ಅವರನ್ನು ಆಫೀಸಿನ ಕೋಣೆಗೆ ಕರೆದು ಕಾಫಿ ತರಿಸಿದ.

"ಸ್ವಾಮೀ, ಇನ್ಮೇಲೆ ನೀವು ಟಿಕೆಟ್ ತಗೋಬೇಡಿ. ಬಾಲ್ಕನಿಲಿ ಕೊನೇ ಸಾಲು ನಿಮಗೇ ಅಂತ ಬುಟ್ಟಿರ್ತೀನಿ."

ದೊರೆಸ್ವಾಮಿಯವರು ಹಿಗ್ಗಿದರು. ಹೋಗಿ ಕೂತ ಮೇಲೆ ಗೊತ್ತಾಯಿತು, ಕೊನೆಯ ಸಾಲು ಮೆಷಿನ್ನಿನ ಕೋಣೆಗೆ ಅಂಟಿಕೊಂಡಿದೆ, ಅದರ ಗರಗರ ಸದ್ದಿನಲ್ಲಿ ಅವರು ಕೂಗಿದರೂ ಅವರ ಮಾತು ಅವರಿಗೇ ಕೇಳುವುದಿಲ್ಲ. ಮಾರನೆಯ ವಾರ ಮತ್ತೆ ಬೆಂಚಿನ ಟಿಕೆಟ್ ಕೊಂಡರು.

ಸಾವಿರದ ಒಂಬೈನೂರ ಐವತ್ತೆಂಟರಲ್ಲಿ ಮರಿಸ್ವಾಮಿ ಎಂಬ ಅಕ್ಕಿ ಗಿರಣಿಯ ಸಾಹುಕಾರರಿಗೆ ಸಿನಿಮಾ ತೆಗೆಯುವ ಆಸೆ ಹುಟ್ಟಿತು. ಚಿತ್ರದ ಹೆಸರು 'ಕನಕಾಂಗದ'. ಊರಾಚೆಯ ಸ್ಟುಡಿಯೋದಲ್ಲಿ ರಟ್ಟಿನ ಕಂಬ, ಸುಣ್ಣದ ಸಿಂಹಗಳ ಅರಮನೆ ಎದ್ದಿತು. ಚಿತ್ರ ಹಂಚುವ ಮಾತಿಗೆ ಬಂದ ಮರಿಸ್ವಾಮಿಯವರಿಗೆ ಕೃಷ್ಣಪ್ಪ ಒಂದು ಸಲಹೆ ಕೊಟ್ಟ.

"ಸಾಹುಕಾರ್ರೆ, ರಾಜನ ಚಿತ್ರ ಅಂದ್ರೆ ನಮ್ಮ ದೊರೆಸ್ವಾಮಯ್ಯೋರು ಸುಮ್ಕೆ ಬುಡಾಕಿಲ್ಲ. ಈಚೆ ನಿಂತು ಬೈಯೋರ್ನ ಮೊದಲೇ ಒಳಕ್ಕೆ ಕೂರಿಸ್ಕಬುಡಿ. ಪೇಟ ಸುತ್ತಾಕೂ ಆಯ್ತದೆ."

ಹಾಗೆ ದೊರೆಸ್ವಾಮಿಯವರು ಸ್ಟುಡಿಯೋ ಸೇರಿದರು. ಮರಿಸ್ವಾಮಿ ತಾವೇ ಕಾರಿನಲ್ಲಿ ಲಕ್ಷ್ಮೀಪುರಕ್ಕೆ ಬಂದು, "ದರ್ಬಾರು ಅಂದ್ರೆ ಹೆಂಗಿರಬೇಕೋ ಹಂಗೇ ತೆಗೀಬೇಕು. ನೀವು ಹೇಳಿದ್ದೇ ಕೊನೆ ಮಾತು" ಎಂದು ಕೈ ಮುಗಿದರು. ಅವರು ಆ ಮಾತನ್ನು ಮನಸಾರೆ ಹೇಳಿದ್ದರು, ಕಷ್ಟ ಶುರುವಾದದ್ದು ಅದರಿಂದಲೇ.

ಶೂಟಿಂಗಿನ ದಿನ ದರ್ಬಾರಿಗಳ ವೇಷಕ್ಕೆ ಗರಡಿಮನೆಯ ನಲವತ್ತು ಜನ ಪೈಲ್ವಾನರನ್ನು ಕರೆಸಿದ್ದರು. ದೊರೆಸ್ವಾಮಿಯವರು ಬೆಳಿಗ್ಗೆ ಆರಕ್ಕೆ ಸುತ್ತಲು ಕೂತವರು ಮಧ್ಯಾಹ್ನ ಒಂದಕ್ಕೆ ಎದ್ದರು. ನಲವತ್ತು ಪೇಟ. ಎಷ್ಟೋ ವರ್ಷಗಳ ಮೇಲೆ ದಸರೆಯಲ್ಲದ ದಿನ ಅಷ್ಟು ತಲೆ ಕೈಗೆ ಸಿಕ್ಕಿದ ಸಂತೋಷಕ್ಕೆ ಊಟ ಮರೆತಿದ್ದರು. ಪೇಟ ಏರಿದವರು ಬೀಡಿ ಹಚ್ಚಕೂಡದು, ಒರಗಕೂಡದು, ತಲೆ ಕೆರೆಯಕೂಡದು ಎಂದು ಕಟ್ಟಪ್ಪಣೆ ಮಾಡಿದರು. ಪೈಲ್ವಾನರು ನಿಜವಾದ ದರ್ಬಾರಿಗಳ ಹಾಗೆಯೇ ದುಃಖದಿಂದ ಕೂತರು.

ಡೈರೆಕ್ಟರ್ ಚೆಲುವರಾಜು ಮದರಾಸಿನಲ್ಲಿ ಪಳಗಿದ ಹುರುಪಿನ ಮನುಷ್ಯ. ಬಂದವನೇ ದೃಶ್ಯ ವಿವರಿಸಿದ.

"ಇಲ್ಲಿ ಸೇನಾಪತಿ ದ್ರೋಹಿ ಅಂತ ಗೊತ್ತಾಗುತ್ತೆ. ತಕ್ಷಣ ರಾಜ ಸಿಂಹಾಸನದಿಂದ ಹಾರಿ ಕತ್ತಿ ಹಿರೀತಾನೆ."

"ಹಾರೋ ಹಾಗಿಲ್ಲ" ಎಂದರು ದೊರೆಸ್ವಾಮಿ.

"ಯಾಕ್ರೀ?"

"ದರ್ಬಾರಿನಲ್ಲಿ ರಾಜ ಹಾರೋದಿಲ್ಲ."

"ಮತ್ತೇನು ಮಾಡ್ತಾನೆ?"

"ಕೂತಿರ್ತಾನೆ."

"ಕೂತ್ಕೊಂಡು?"

"ನೋಡ್ತಿರ್ತಾನೆ. ಒಬ್ಬೊಬ್ಬರಾಗಿ ಬಂದು ಕಾಣಿಕೆ ಒಪ್ಪಿಸ್ತಾರೆ, ಅದಕ್ಕೆ ನಜರು ಅಂತಾರೆ. ಒಪ್ಪಿಸಿ, ಬೆನ್ನು ತೋರಿಸದೆ ಹಿಂದಕ್ಕೆ ಹೆಜ್ಜೆ ಹಾಕ್ಕೊಂಡು ಹೋಗ್ತಾರೆ. ಆಮೇಲೆ ಇನ್ನೊಬ್ಬರು. ಅವನು ಕೂತೇ ಇರ್ತಾನೆ."

"ದ್ರೋಹಿ ಎದುರಿಗಿದ್ರೂ?"

"ದ್ರೋಹಿ ಆದ್ರೂ ದರ್ಬಾರಿ ತಾನೆ? ಅವನ ಸರದಿ ಬಂದಾಗ ಅವನೂ ನಜರು ಒಪ್ಪಿಸ್ತಾನೆ. ಆಮೇಲೆ ಕಚೇರಿಯಿಂದ ಅವನ ಮನೆಗೆ ಕಾಗದ ಹೋಗುತ್ತೆ."

ಚೆಲುವರಾಜು ಕೈಯಲ್ಲಿದ್ದ ಹಾಳೆಗಳನ್ನು ಕೆಳಗೆ ಹಾಕಿದ. "ಕಾಗದ ಹೋಗೋ ಸಿನಿಮಾನ ಯಾರ್ರೀ ನೋಡ್ತಾರೆ?"

ಜಗಳ ಮರಿಸ್ವಾಮಿಯವರ ಮುಂದೆ ಹೋಯಿತು. ಅರಮನೆಯವರು ಒಬ್ಬರು ತಮ್ಮ ಚಿತ್ರಕ್ಕೆ ಬಂದಿದ್ದಾರೆಂಬ ಹೆಮ್ಮೆ ಅವರಿಗೆ. ದೊರೆಸ್ವಾಮಿಯವರು ಹೇಳಿದ ಹಾಗೇ ಆಗಲಿ ಎಂದುಬಿಟ್ಟರು. ರಾಜನ ಪಾತ್ರದವನೂ ಬಾಯಿ ಬಿಟ್ಟು ಹೇಳದಿದ್ದರೂ ಇವರ ಕಡೆಗೇ ಇದ್ದ. ಆ ದಿನ ಬಿಸಿಬೇಳೆಬಾತ್ ಹೊಟ್ಟೆ ಬಿರಿಯ ತಿಂದಿದ್ದರಿಂದ ಹಾರುವ ಸ್ಥಿತಿಯಲ್ಲಿ ಅವನಿರಲಿಲ್ಲ. ಎರಡು ದಿನ ಶೂಟಿಂಗ್ ನಡೆಯಿತು. ಪರಾಕು ಹೇಳುವವರು ಎಲ್ಲಿ ನಿಲ್ಲಬೇಕು, ಕಾಣಿಕೆಯ ತಟ್ಟೆಯನ್ನು ಯಾವ ಎತ್ತರಕ್ಕೆ ಹಿಡಿಯಬೇಕು, ಎಷ್ಟು ಹೆಜ್ಜೆ ಹಿಂದಕ್ಕೆ ಇಡಬೇಕು, ಒಂದೂ ತಪ್ಪಲಿಲ್ಲ. ಕತ್ತರಿಸಿ ಜೋಡಿಸಿದ ಮೇಲೆ ದರ್ಬಾರು ಸರಿಯಾಗಿ ಹನ್ನೊಂದು ನಿಮಿಷ ಬಂತು.

ಚಿತ್ರ ಚಂದ್ರಮಹಲಿನಲ್ಲಿ ತೆರೆ ಕಂಡ ದಿನ ದೊರೆಸ್ವಾಮಿಯವರು ಮೊದಲ ಸಲ ಕುರ್ಚಿ ಕ್ಲಾಸಿನಲ್ಲಿ ಕೂತರು, ಮೊದಲ ಸಲ ಪಕ್ಕದಲ್ಲಿ ನಾಗಮಣಿಯನ್ನು ಕೂರಿಸಿಕೊಂಡರು. ಅವಳು ಮದುವೆಯ ಸೀರೆ ಉಟ್ಟು ಬಂದಿದ್ದಳು. ಟಾಕೀಸು ಭರ್ತಿ. ಗರಡಿಮನೆಯವರೆಲ್ಲ ನೆಲದ ಮೇಲೆ ಮುಂದುಗಡೆಯೇ ಇದ್ದರು.

ದರ್ಬಾರು ತೆರೆದುಕೊಂಡಿತು. ಸಾಲಾಗಿ ನಲವತ್ತು ಪೇಟ. ಯಾವುದೂ ಟೋಪಿಯಲ್ಲ, ಒಂದೊಂದು ಮಡಿಕೆಯೂ ಒಂದೇ ಬೆರಳಿನ ಅಗಲ. ಜನ ಅಬ್ಬಾ ಎಂದರು. ಪೈಲ್ವಾನರು ತಮ್ಮ ಮುಖ ಕಂಡು ಶಿಳ್ಳೆ ಹಾಕಿದರು. ದೊರೆಸ್ವಾಮಿಯವರು ನಾಗಮಣಿಯ ಕಡೆ ನೋಡಿದರು. ಮೊದಲನೆಯ ದರ್ಬಾರಿ ಬಂದು ನಜರು ಒಪ್ಪಿಸಿ ಹಿಂದಕ್ಕೆ ನಡೆದ. ಎರಡನೆಯವನು ಒಪ್ಪಿಸಿದ. ಐದನೆಯವನ ಹೊತ್ತಿಗೆ ಶಿಳ್ಳೆ ನಿಂತಿತ್ತು. ಎಂಟನೆಯವನ ಹೊತ್ತಿಗೆ ನೆಲದವರು ಎಣಿಸತೊಡಗಿದರು.

"ಒಂಬತ್ತು!"

"ಇನ್ನೂ ಎಷ್ಟು ಜನ ಅವ್ರೆ ಕಣಪ್ಪಾ?"

"ಲೋ ರಾಜಾ, ಮೇಲಕ್ಕೆದ್ದು ಉಚ್ಚೆಗಾದ್ರೂ ಹೋಗ್ಬಾರೋ!"

ಟಾಕೀಸು ಗೊಳ್ಳೆಂದಿತು. ದೊರೆಸ್ವಾಮಿಯವರಿಗೆ ಮೊದಲು ಸಿಟ್ಟು ಬಂತು. ಎದ್ದು ಆ ಅವಿವೇಕಿಗೆ ಎರಡು ಮಾತು ಹೇಳಬೇಕೆಂದು ಕೈ ಊರಿದರು. ಅಷ್ಟರಲ್ಲಿ ಒಳಗಿಂದ ಏನೋ ಮೇಲಕ್ಕೆ ಬಂದು ದವಡೆ ತಾನಾಗಿ ಅಗಲವಾಯಿತು. ಆಕಳಿಕೆ. ಅದನ್ನು ಮುಚ್ಚಲು ಹೋದರೆ ಇನ್ನೊಂದು ಬಂತು. ಅವರು ಬೆರಗಾಗಿ ಪರದೆ ನೋಡಿದರು. ಹದಿಮೂರನೆಯವನು ಹಿಂದೆ ಹಿಂದೆ ನಡೆಯುತ್ತಿದ್ದ. ಎಲ್ಲವೂ ಸರಿಯಾಗಿತ್ತು. ಹುಡುಕಿದರೂ ಒಂದು ತಪ್ಪು ಸಿಗುತ್ತಿರಲಿಲ್ಲ. ನೋಡಲು ಆಗುತ್ತಿರಲಿಲ್ಲ.

ನಾಗಮಣಿ ಮೆಲ್ಲಗೆ ಕೇಳಿದಳು. "ಅಲ್ಲಾ, ನಿಜವಾದ ದರ್ಬಾರಿನಲ್ಲೂ ಹೀಗೇನಾ?"

"ಹೂಂ. ಹೀಗೇ."

"ಎಷ್ಟು ಹೊತ್ತು?"

"ಮೂರು ಗಂಟೆ. ಕೆಲವು ಸಲ ನಾಲ್ಕು."

"ನೀವು ಅಷ್ಟು ಹೊತ್ತೂ ಎಲ್ಲಿರ್ತಿದ್ರಿ?"

"ಕಂಬದ ಹಿಂದೆ ನಿಂತಿರ್ತಿದ್ದೆ. ಯಾರದಾದ್ರೂ ಪೇಟ ಸಡಿಲ ಆದ್ರೆ ಅಂತ."

ನಾಗಮಣಿ ಅವರ ಮುಖವನ್ನು ನೋಡಿದಳು. ಅವಳಿಗೆ ಅಳು ಬರುವುದು ಸುಲಭ, ಆದರೆ ಆಗ ಅಳಲಿಲ್ಲ. "ಇಪ್ಪತ್ತು ವರ್ಷ!" ಎಂದಳು. "ಮನೆಗೆ ಬಂದು ಕಾಲು ನೋವು ಅಂದ್ರೆ ನಾನು ನಂಬ್ತಾನೇ ಇರಲಿಲ್ಲ."

ದೊರೆಸ್ವಾಮಿಯವರು ಪರದೆಯ ಕಡೆ ತಿರುಗಿದರು. ಕಂಬದ ಹಿಂದೆ ನಿಂತು ತಾವು ಏನು ಮಾಡುತ್ತಿದ್ದೆವೆಂದು ನೆನಪಿಸಿಕೊಂಡರು. ಒಂದು ಕಾಲಿನಿಂದ ಇನ್ನೊಂದಕ್ಕೆ ಭಾರ ಬದಲಿಸುತ್ತ, ಮನೆಯಲ್ಲಿ ಏನು ಪಲ್ಯ ಮಾಡಿರಬಹುದೆಂದು ಯೋಚಿಸುತ್ತಿದ್ದರು. ರಾಜಸಭೆಯ ವೈಭವವನ್ನು ಒಂದು ದಿನವಾದರೂ ನೋಡಿದ್ದರೇ? ನೋಡಿದ್ದೆಲ್ಲ ತಲೆಗಳ ಹಿಂಭಾಗ.

ಇಂಟರ್‌ವಲ್ ಆಯಿತು. ಸೋಡಾ ಅಂಗಡಿಯ ಪಕ್ಕ ಅಂದು ಮೂವತ್ತಲ್ಲ, ಇನ್ನೂರು ಜನ. ಹಿಂದೆಂದೂ ಸ್ವಂತ ಚಿತ್ರದ ಮೇಲೆ ಅವರು ತೀರ್ಪು ಕೊಟ್ಟಿರಲಿಲ್ಲ. ಕೃಷ್ಣಪ್ಪ ಆಫೀಸಿನ ಬಾಗಿಲಲ್ಲಿ ನಿಂತು ಕೈ ಹಿಸುಕಿಕೊಳ್ಳುತ್ತಿದ್ದ. ಅವನ ಹಿಂದೆ ಮರಿಸ್ವಾಮಿ ಬೆವರು ಒರೆಸಿಕೊಳ್ಳುತ್ತಿದ್ದರು. ದೊರೆಸ್ವಾಮಿಯವರು ಜನರ ನಡುವೆ ಬಂದು ನಿಂತು ಸೋಡಾ ಕೂಡ ಕೇಳಲಿಲ್ಲ.

"ಏನ್ ಸ್ವಾಮಿ, ಹೆಂಗಿದೆ?" ಎಂದು ಒಬ್ಬ ಕೆಣಕಿದ.

"ದರ್ಬಾರು ಸರಿಯಾಗಿದೆ" ಎಂದರು ದೊರೆಸ್ವಾಮಿ. "ಚಿತ್ರ ಹಾಳಾಗಿದೆ. ಹಾಳು ಮಾಡಿದೋನು ನಾನು. ಡೈರೆಕ್ಟರು ಹಾರಿಸ್ತೀನಿ ಅಂದ, ನಾನು ಕೂರಿಸಿದೆ. ನಾನೇ ಎರಡು ಸಲ ಆಕಳಿಸಿದೆ, ಸುಳ್ಳು ಯಾಕೆ?"

ನಗಲು ಕಾದಿದ್ದವರಿಗೆ ನಗು ಬರಲಿಲ್ಲ. ಒಬ್ಬ ಪೈಲ್ವಾನ ಮಾತ್ರ, "ನಮ್ಗೂ ಅಂಗೇ ಆಗಿತ್ತು ಸ್ವಾಮಿ, ಕೂತಿದ್ದಾಗ. ಯೋಳಾಕೆ ಎದ್ರಿಕೆ" ಎಂದ.

ಅವರು ನೇರವಾಗಿ ಆಫೀಸಿನ ಕೋಣೆಗೆ ಹೋದರು. "ಸಾಹುಕಾರ್ರೆ, ಅದನ್ನ ಕತ್ತರಿಸಿಬಿಡಿ. ಒಂದು ನಿಮಿಷ ಇಟ್ಕೊಳ್ಳಿ, ಸಾಕು."

ಮರಿಸ್ವಾಮಿಯವರ ಮುಖ ಕಪ್ಪಿಟ್ಟಿತು. "ಅಲ್ಲ ಸ್ವಾಮಿ, ಹೀಗೇ ಇರಬೇಕು ಅಂತ ನೀವೇ ಅಲ್ವಾ ಹಟ ಹಿಡಿದೋರು?"

"ನಾನೇ. ತಪ್ಪು ಹೇಳಿದೆ. ಇನ್ನೊಬ್ಬರ ಚಿತ್ರಕ್ಕಾಗಿದ್ರೆ ಆಚೆ ನಿಂತು ಬೈದಿರ್ತಿದ್ದೆ. ನನ್ನದು ಅಂತ ಬಿಡೋಕಾಗುತ್ಯೇ?"

ಮಾರನೆಯ ಬೆಳಿಗ್ಗೆ ಚೆಲುವರಾಜುವನ್ನು ಕರೆಸಿದರು. ಅವನು ಕತ್ತರಿ ಆಡಿಸಿದ. ಹತ್ತು ನಿಮಿಷದ ರೀಲು ಡಬ್ಬಕ್ಕೆ ಹೋಯಿತು. ಒಂದು ತೊಂದರೆ ಉಳಿಯಿತು. ದ್ರೋಹಿ ಸೇನಾಪತಿ ನಜರು ಒಪ್ಪಿಸುತ್ತಾನೆ, ಮುಂದಿನ ಕ್ಷಣ ಸೆರೆಮನೆಯಲ್ಲಿರುತ್ತಾನೆ. ನಡುವೆ ಏನಾಯಿತೆಂದು ತೋರಿಸುವ ಚಿತ್ರವೇ ಇಲ್ಲ. ಚೆಲುವರಾಜು ತಲೆ ಮೇಲೆ ಕೈ ಹೊತ್ತ. "ಕಾಗದ ಹೋಗಿರುತ್ತೆ ಬಿಡಿ" ಎಂದರು ದೊರೆಸ್ವಾಮಿ. ಚೆಲುವರಾಜು ನಕ್ಕುಬಿಟ್ಟ. ಎರಡು ತಿಂಗಳಲ್ಲಿ ಅವರಿಬ್ಬರ ನಡುವೆ ಅದು ಮೊದಲ ನಗು.

ಆಶ್ಚರ್ಯವೆಂದರೆ ಜನಕ್ಕೆ ಆ ಜಿಗಿತ ಹಿಡಿಸಿತು. ರಾಜ ಕಣ್ಣು ಮಿಟುಕಿಸುವುದರೊಳಗೆ ದ್ರೋಹಿಯನ್ನು ಒಳಗೆ ಹಾಕಿಸಿದ ಎಂದು ಮಾತಾಡಿಕೊಂಡರು. ಚಿತ್ರ ಐದು ವಾರ ಓಡಿತು. ನಾಗಮಣಿ ಕತ್ತರಿಸಿದ ಮೇಲಿನದನ್ನು ಇನ್ನೊಮ್ಮೆ ನೋಡಿ ಬಂದು, ಕಡೆಯಲ್ಲಿ ರಾಣಿ ಸಾಯುವಾಗ ಸೆರಗು ನೆನೆಯುವಷ್ಟು ಅತ್ತೆನೆಂದು ತೃಪ್ತಿಯಿಂದ ಹೇಳಿದಳು.

ಚೆಲುವರಾಜು ಮುಂದಿನ ಚಿತ್ರಕ್ಕೂ ದೊರೆಸ್ವಾಮಿಯವರನ್ನು ಕರೆದ, ಪೇಟ ಸುತ್ತುವುದಕ್ಕೆ ಮಾತ್ರ. ಅವರು ಒಪ್ಪಿದರು. ಅಲ್ಲಿಂದ ಏಳೆಂಟು ವರ್ಷ ಮೈಸೂರಿನಲ್ಲಿ ತೆಗೆದ ರಾಜರ ಚಿತ್ರಗಳಲ್ಲಿ ಎಷ್ಟೋ ತಲೆಗಳು ಅವರ ಕೈಯವು. ಸ್ಟುಡಿಯೋದವರು ಪೇಟದ ಮೇಷ್ಟ್ರು ಎಂದು ಕರೆಯುತ್ತಿದ್ದರು. ರಾಜ ಹಾರಿದರೆ ಅವರು ಅಡ್ಡ ಬರುತ್ತಿರಲಿಲ್ಲ. ಹಾರಿದರೂ ಬಿಚ್ಚದ ಹಾಗೆ ಸುತ್ತುವುದು ಹೇಗೆಂದು ಮನೆಯಲ್ಲಿ ತಮ್ಮ ತಲೆಗೇ ಸುತ್ತಿಕೊಂಡು ಜಗಲಿಯಿಂದ ಅಂಗಳಕ್ಕೆ ಧುಮುಕಿ ನೋಡಿದರು. ಕಾಲು ಉಳುಕಿತು. ಪೇಟ ಅಲ್ಲಾಡಲಿಲ್ಲ.

ಟಾಕೀಸಿನಲ್ಲಿ ಅವರ ಬಾಯಿ ನಿಂತಿತೆಂದು ಯಾರೂ ತಿಳಿಯಬಾರದು. ಸುಣ್ಣದ ಬೆಟ್ಟ, ಬಣ್ಣದ ರಕ್ತ, ಹಗಲಲ್ಲಿ ತೆಗೆದ ಬೆಳದಿಂಗಳು, ಯಾವುದನ್ನೂ ಅವರು ಬಿಟ್ಟವರಲ್ಲ. ಬದಲಾದದ್ದು ಒಂದೇ. ನಾಗಮಣಿ ಈಗ ಅವರ ಜತೆಯಲ್ಲೇ ಬರುತ್ತಿದ್ದಳು, ತನ್ನ ಅಭಿಪ್ರಾಯವನ್ನೂ ಹೇಳುತ್ತಿದ್ದಳು.

ಅರವತ್ತಮೂರರಲ್ಲಿ 'ಮೂರು ಮೂಗುತಿ' ಎಂಬ ಸಾಮಾಜಿಕ ಚಿತ್ರ ಬಂತು. ಮಲತಾಯಿ ಚಿತ್ರದುದ್ದಕ್ಕೂ ಮಗಳಿಗೆ ಹಿಂಸೆ ಕೊಟ್ಟು, ಕೊನೆಯಲ್ಲಿ ಕಾಲು ಹಿಡಿದಳು. ಮಗಳು ಕ್ಷಮಿಸಿಬಿಟ್ಟಳು. ಆಟ ಬಿಟ್ಟಾಗ ಸಂಜೆ ಐದೂವರೆ. ಮಹದೇವು ಎಂಬುವನ ಜಟಕಾ ಹತ್ತಿ ಗಂಡ ಹೆಂಡತಿ ಮನೆಗೆ ಹೊರಟರು.

"ಕ್ಷಮಿಸಿದ್ದು ಸರಿ" ಎಂದರು ದೊರೆಸ್ವಾಮಿ. "ಕಾಲು ಹಿಡಿದ ಮೇಲೆ ಇನ್ನೇನು ಮಾಡ್ತಾರೆ?"

"ಏನು ಸರಿ? ಎರಡೂವರೆ ಗಂಟೆ ಸುಟ್ಟು ಸುಣ್ಣ ಮಾಡಿ ಎರಡು ನಿಮಿಷ ಕಾಲು ಹಿಡಿದ್ರೆ ಆಯ್ತಾ? ನಾನಾಗಿದ್ರೆ ಮನೆ ಒಳಗೆ ಸೇರಿಸ್ತಿರಲಿಲ್ಲ."

"ಲೇ, ಅಷ್ಟು ಹೊತ್ತು ಅತ್ತೆಯಲ್ಲ, ಕೊನೇಲಿ?"

"ಅತ್ತಿದ್ದು ಮಗಳಿಗೋಸ್ಕರ! ಅವಳ ದಡ್ಡತನಕ್ಕೆ!"

ಜಟಕಾ ಅಗ್ರಹಾರದ ಚೌಕ ದಾಟಿತು. ಮಾತು ಏರಿತು. ದೊರೆಸ್ವಾಮಿಯವರು ಧರ್ಮಶಾಸ್ತ್ರ ತಂದರು, ನಾಗಮಣಿ ತನ್ನ ಸ್ವಂತ ಚಿಕ್ಕಮ್ಮನನ್ನು ತಂದಳು. ಲಕ್ಷ್ಮೀಪುರದ ತಿರುವಿನಲ್ಲಿ ಜಟಕಾ ನಿಂತೇಬಿಟ್ಟಿತು. ಮಹದೇವು ಲಗಾಮು ಬಿಟ್ಟು ಹಿಂದಕ್ಕೆ ತಿರುಗಿ ಕೂತಿದ್ದ.

"ನಾನೂ ನೋಡಿವ್ನಿ ಸ್ವಾಮಿ, ಎರಡು ಕಿತ. ಅಮ್ಮಾವ್ರು ಯೋಳೋದೇ ಸರಿ. ಆದ್ರೆ ಮಲತಾಯಿಗಿಂತ ದೊಡ್ಡ ಕಳ್ಳ ಆ ಅಪ್ಪ. ಎಲ್ಲಾ ಕಂಡೂ ಪೇಪರ್ ಓದ್ತಾ ಕೂತಿದ್ನಲ್ಲ, ಅವನ್ನ ಯಾಕೆ ಯಾರೂ ಏನೂ ಕೇಳಾಕಿಲ್ಲ?"

ಅಪ್ಪನ ಮಾತು ದೊರೆಸ್ವಾಮಿಯವರಿಗೆ ಹೊಳೆದೇ ಇರಲಿಲ್ಲ. ನಾಗಮಣಿ, "ಹೇಳಿ ಈಗ" ಎಂದಳು. ಅವರು ಗಾಡಿಯಿಂದ ಇಳಿದು ಕುದುರೆಯ ಪಕ್ಕಕ್ಕೆ ಬಂದು ನಿಂತರು.

"ಅಪ್ಪನ ವಿಷಯ ಬೇರೆ ಕಣಯ್ಯಾ, ಕೇಳು" ಎಂದು ಶುರು ಮಾಡಿದರು. ನಾಗಮಣಿ, ಮನೆ ಇನ್ನು ನಾಲ್ಕೇ ಹೆಜ್ಜೆ ಎಂದು ಗೊತ್ತಿದ್ದರೂ, ಜಟಕಾದಲ್ಲೇ ಕಾಲು ಚಾಚಿ ಒರಗಿ ಕೂತಳು.